ಹುಣಸೆ ಬೀಜದ ವೆಬ್‌ಸೈಟು

ನಮ್ಮ ಸೀಮೆಯ ಮೊಟ್ಟಮೊದಲ ಕನ್ನಡ ವೆಬ್‌ಸೈಟು ಎಲ್ಲಿ ಹುಟ್ಟಿತು ಎಂದು ಯಾರಾದರೂ ಕೇಳಿದರೆ ನಾನು ಎದೆ ತಟ್ಟಿ ಹೇಳುತ್ತೇನೆ: ಸುರಪುರದ ಹತ್ತಿರದ ದೇವಾಪುರದಲ್ಲಿ, ನಮ್ಮ ಕಾಕಾನ ಮನೆಯ ಹೊರಗೋಡೆಯ ಮೇಲೆ! ಆಗ ಊರಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಇಂಟರ್ನೆಟ್ಟಿನ ಮಾತಂತೂ ದೂರವೇ ಉಳಿಯಿತು. ಕರೆಂಟು ಇದ್ದಾಗ ಇತ್ತು, ಇಲ್ಲದಾಗ ಇರಲಿಲ್ಲ. ಇಂಥ ಸಣ್ಣಪುಟ್ಟದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಪೈಕಿ ಅಲ್ಲ ನಮ್ಮ ಕಾಕಾ. ಗೋಡೆ ಇತ್ತು, ಬಳಪ ಇತ್ತು, ವೆಬ್‌ಸೈಟಿಗೆ ಇನ್ನೇನು ಬೇಕು?

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹವೂ ತನ್ನ ವೆಬ್‌ಸೈಟಿನ ಒಂದು ಪುಟ ಎಂದು ಊರಿಗೆಲ್ಲ ಸಾರಿಬಿಡುತ್ತಾನೆ. ಕಾಲುವೆಯಲ್ಲಿ ಗೇಜ್ ಓದುವುದು ಅವನ ನೌಕರಿ. ಗೇಟಿನ ಪಕ್ಕದಲ್ಲಿ ಅಡಿ, ಇಂಚಿನ ಗುರುತು ಹಾಕಿದ ಪಟ್ಟಿಯೊಂದು ನೀರಿನಲ್ಲಿ ನಿಂತಿರುತ್ತದೆ. ದಿನಕ್ಕೆ ಮೂರು ಸಲ ಅದನ್ನು ನೋಡಿ ನೀರು ಎಷ್ಟಿದೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಕಾಲುವೆಗೆ ನೀರು ಬಿಟ್ಟ ವರ್ಷದಿಂದ ಕಾಕಾ ಒಂದು ದಿನ ತಪ್ಪದೆ ಬರೆದ. ಬರೆಯುತ್ತ ಬರೆಯುತ್ತ ಒಮ್ಮೆ ಅವನಿಗೆ ಅನುಮಾನ ಬಂತು, ಇದನ್ನು ಯಾರಾದರೂ ಓದುತ್ತಾರೋ ಇಲ್ಲವೋ? ಪರೀಕ್ಷೆ ಮಾಡಿಯೇಬಿಡೋಣ ಎಂದು ಹೀಗೆ ಬರೆದ: "ಬೆಳಿಗ್ಗೆ ನಾಲ್ಕಡಿ ಎರಡಿಂಚು. ಮಧ್ಯಾಹ್ನ ಕಾಲುವೆಯಲ್ಲಿ ತಿಮಿಂಗಿಲ ಒಂದು ಕಂಡಿತು. ಸಂಜೆ ನಾಲ್ಕಡಿ." ತಿಂಗಳ ಕೊನೆಗೆ ರಿಜಿಸ್ಟರು ಮೇಲಿನವರ ಬಳಿ ಹೋಗಿ ತಿರುಗಿ ಬಂತು. ತಿಮಿಂಗಿಲದ ಪಕ್ಕದಲ್ಲೇ ಮೊಹರು, ಸಹಿ, "ಪರಿಶೀಲಿಸಲಾಗಿದೆ" ಎಂಬ ಷರಾ.

ಕಾಕಾ ಆ ಪುಟವನ್ನು ಎಲ್ಲರಿಗೂ ತೋರಿಸಿ ನಕ್ಕನಂತೆ. ಆದರೆ ಅವತ್ತು ಅವನಿಗೆ ಊಟ ಸೇರಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಅವನ ಹೆಂಡತಿ, ನಮ್ಮ ಚಿಗವ್ವ. ತಾನು ಬರೆದದ್ದನ್ನು ಒಬ್ಬರಾದರೂ ಓದಬೇಕು ಎಂಬ ಹಟ ಕಾಕಾನಿಗೆ ಹಿಡಿದದ್ದು ಆವಾಗಲೇ.

ಆ ಕಾಲಕ್ಕೆ ಪತ್ರಿಕೆಗಳಲ್ಲಿ ವಾರಕ್ಕೊಂದು ದಿನ ಕಂಪ್ಯೂಟರ್ ಪುಟ ಬರುತ್ತಿತ್ತು. ಕಾಲುವೆ ಕ್ಯಾಂಪಿನ ಎಂಜಿನಿಯರರೊಬ್ಬರು ಓದಿ ಬಿಟ್ಟ ಪತ್ರಿಕೆಗಳನ್ನು ಕಾಕಾ ತಂದು, ಆ ಪುಟವೊಂದನ್ನು ಕತ್ತರಿಸಿ ಟ್ರಂಕಿನಲ್ಲಿ ಇಡುತ್ತಿದ್ದ. ಕಂಪ್ಯೂಟರನ್ನು ಕಣ್ಣಾರೆ ನೋಡುವ ಮೊದಲೇ ಅದರ ವೈರಸ್ಸುಗಳ ಹೆಸರೆಲ್ಲ ಅವನಿಗೆ ಬಾಯಿಪಾಠ. ಒಂದು ದಿನ "ಯಾರು ಬೇಕಾದರೂ ತಮ್ಮದೇ ವೆಬ್‌ಸೈಟ್ ಮಾಡಬಹುದು" ಎಂದು ಓದಿದ. ಯಾರು ಬೇಕಾದರೂ ಎಂದ ಮೇಲೆ ದೇವಾಪುರದವರೂ ಬಂದರಲ್ಲ! ಹಳೆಯ ಟಾರ್ಚ್ ಸೆಲ್ಲುಗಳನ್ನು ಒಡೆದು, ಅವುಗಳ ಮಸಿ ಅರೆದು, ಮನೆಯ ಹೊರಗೋಡೆಗೆ ಬಳಿದ. ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ: "ದೇವಾಪುರ ವೆಬ್‌ಸೈಟಿಗೆ ಸ್ವಾಗತ. ಇಂದಿನ ಗೇಜು ನಾಲ್ಕಡಿ. ಜಗತ್ತಿನಲ್ಲಿ ಕಂಪ್ಯೂಟರಿನ ವೇಗ ದುಪ್ಪಟ್ಟಾಗಿದೆ. ಈ ತಾಣ ಇನ್ನೂ ನಿರ್ಮಾಣ ಹಂತದಲ್ಲಿದೆ."

ನಿರ್ಮಾಣ ಹಂತದಲ್ಲಿದ್ದದ್ದು ಗೋಡೆಯೇ. ಅದರ ಒಂದು ಮೂಲೆ ಎರಡು ವರ್ಷದಿಂದ ಬಿದ್ದಿತ್ತು.

ನಾನಾಗ ಶಹಾಪುರದ ಕಾಲೇಜಿನಲ್ಲಿ ಓದುತ್ತಿದ್ದೆ. ರಜೆ ಸಿಕ್ಕರೆ ಕಾಕಾನ ಮನೆಗೆ ಓಡುತ್ತಿದ್ದೆ. ಹೋದಾಗಲೆಲ್ಲ ವೆಬ್‌ಸೈಟಿನಲ್ಲಿ ಏನಾದರೊಂದು ಹೊಸ ಸೌಲಭ್ಯ. ಒಮ್ಮೆ ಹೋದಾಗ ಲಿಂಕುಗಳು ಬಂದಿದ್ದವು. ಬಟ್ಟೆಗೆ ಹಾಕುವ ನೀಲಿಯಲ್ಲಿ ಬೆರಳು ಅದ್ದಿ ಕಾಕಾ ಕೆಲವು ಪದಗಳ ಕೆಳಗೆ ಗೆರೆ ಎಳೆದಿದ್ದ. ನೀಲಿ ಗೆರೆ ಕಂಡರೆ ಓದುವವರು ಎದ್ದು ಹಿಟ್ಟಿನ ಗಿರಣಿಯ ಗೋಡೆಗೆ ಹೋಗಬೇಕು. ಅಲ್ಲಿಯೂ ನೀಲಿ ಗೆರೆ ಇದ್ದರೆ ಶಾಲೆಯ ಕಾಂಪೌಂಡಿಗೆ. ಕುರಿ ಮಾರಲು ಸುರಪುರಕ್ಕೆ ಹೊರಟಿದ್ದ ಹಿರಿಯರೊಬ್ಬರು ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಓದಲು ನಿಂತರು. ಗೆರೆ ಹಿಡಿದು ಗಿರಣಿಗೆ ಹೋದರು, ಅಲ್ಲಿಂದ ಶಾಲೆಗೆ, ಶಾಲೆಯಿಂದ ಹೊಳ್ಳಿ ಕಾಕಾನ ಮನೆಗೆ. ಹಿಂದೆ ಹಿಂದೆ ನಾಲ್ಕು ಕುರಿಗಳೂ ಅಷ್ಟೂ ಪುಟ ನೋಡಿದವು. ಅಷ್ಟರಲ್ಲಿ ಬಸ್ಸು ಹೋಗಿತ್ತು.

"ಏನೋ ಇದು, ನಿನ್ನ ಮನಿಯಿಂದ ಹೊಂಟಾಂವ ತಿರುಗಿ ನಿನ್ನ ಮನಿಗೇ ಬಂದೀನಿ. ಬಸ್ಸೂ ಹೋತು," ಎಂದು ಅವರು ಜಬರಿಸಿದರು.

"ಇಂಟರ್ನೆಟ್ ಅಂದ್ರ ಇದೇ ನೋಡ್ರಿ ಯಜಮಾನ್ರ," ಎಂದ ಕಾಕಾ ಸಮಾಧಾನದಿಂದ. "ಹೊತ್ತು ಹೋಗಿದ್ದು ಗೊತ್ತಾಗಂಗಿಲ್ಲ."

ಮುಂದೆ ಹ್ಯಾಕರ್ ಕಾಟ ಶುರುವಾಯಿತು. ಹ್ಯಾಕರ್ ಎಂದರೆ ಪಕ್ಕದ ಮನೆಯ ಎಮ್ಮೆ. ಕಾಲುವೆಯಲ್ಲಿ ಮೈ ನೆನೆಸಿಕೊಂಡು ಬಂದು ಸರಿಯಾಗಿ ವೆಬ್‌ಸೈಟಿಗೇ ಬೆನ್ನು ಉಜ್ಜುತ್ತಿತ್ತು. ಅರ್ಧ ಸುದ್ದಿ ಗೋಡೆಯ ಮೇಲೆ, ಅರ್ಧ ಎಮ್ಮೆಯ ಮೇಲೆ. ಕಾಕಾ ಪತ್ರಿಕೆಯಲ್ಲಿ ಉಪಾಯ ಹುಡುಕಿ, ಜಾಲಿ ಮುಳ್ಳು ಕಡಿದು ತಂದು ಗೋಡೆಯ ಮುಂದೆ ಒಟ್ಟಿದ. "ಇದಕ್ಕ ಫೈರ್‌ವಾಲ್ ಅಂತಾರ" ಎಂದು ನನಗೂ ತಿಳಿಸಿಕೊಟ್ಟ. ಎಮ್ಮೆ ಬರುವುದು ನಿಂತಿತು. ಓದುಗರೂ ಬರುವುದು ನಿಂತಿತು!

ಎರಡು ಸಾವಿರನೆಯ ಇಸವಿ ಹತ್ತಿರ ಬಂದಾಗ ಜಗತ್ತಿನ ಕಂಪ್ಯೂಟರುಗಳೆಲ್ಲ ತಾರೀಕು ತಪ್ಪಿ ಹುಚ್ಚಾಗುತ್ತವೆ ಎಂಬ ಸುದ್ದಿ ಇತ್ತಲ್ಲ, ಅದನ್ನು ಕಾಕಾ ಒಂದು ತಿಂಗಳು ಕೆಂಪು ಅಕ್ಷರದಲ್ಲಿ ಬರೆದ. ಊರಲ್ಲಿದ್ದ ಒಂದೇ ಒಂದು ತಾರೀಕು ತೋರಿಸುವ ಯಂತ್ರವೆಂದರೆ ಗಿರಣಿಯವನ ಕೈಗಡಿಯಾರ. ಅದನ್ನು ಬಿಚ್ಚಿಸಿ ಜೋಳದ ಚೀಲದೊಳಗೆ ಹೂಳಿಸಿದ. ಹೊಸ ವರ್ಷದ ಬೆಳಿಗ್ಗೆ ಗೋಡೆಯ ಮೇಲೆ ಹೀಗಿತ್ತು: "ಗಂಡಾಂತರ ನಮ್ಮೂರಿಗೆ ಬರಲಿಲ್ಲ. ಸಹಕರಿಸಿದ ಓದುಗರಿಗೆ ಧನ್ಯವಾದಗಳು."

ಓದುಗರು ಎಷ್ಟು ಮಂದಿ? ಅದೇ ಅವನ ಕೊರಗು. ದೊಡ್ಡ ದೊಡ್ಡ ವೆಬ್‌ಸೈಟುಗಳಲ್ಲಿ ಕೆಳಗೊಂದು ಲೆಕ್ಕದ ಡಬ್ಬಿ ಇರುತ್ತದೆ, ಎಷ್ಟು ಜನ ಬಂದರು ಎಂದು ತೋರಿಸುತ್ತದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಕಾಕಾ ಮುಳ್ಳು ಕಿತ್ತೆಸೆದು, ಬಾಗಿಲ ಪಕ್ಕದ ಗೂಡಿನಲ್ಲಿ ಎಣ್ಣೆಯ ಖಾಲಿ ಡಬ್ಬಿ ಇಟ್ಟ. ಪಕ್ಕದ ಬಟ್ಟಲಿನಲ್ಲಿ ಹುಣಸೆ ಬೀಜ. ಓದಿದವರು ಒಂದು ಬೀಜ ಡಬ್ಬಿಗೆ ಹಾಕಿ ಹೋಗಬೇಕು. ಮೊದಲ ದಿನವೇ ಮಕ್ಕಳು ಬಟ್ಟಲು ಸಮೇತ ಬೀಜ ಒಯ್ದು ಚೌಕಾಬಾರ ಆಡಿದರು. ಆಮೇಲೆ ಕಾಕಾ ಒಂದಿಡೀ ಮಧ್ಯಾಹ್ನ ಕುಳಿತು, ಕಾದ ಸೂಜಿಯಿಂದ ಒಂದೊಂದು ಬೀಜಕ್ಕೂ ಚುಕ್ಕಿ ಇಟ್ಟ. ಊರಲ್ಲಿ ಎಲ್ಲಿ ಕಂಡರೂ ತನ್ನ ಮಾಲು ಗುರುತು ಸಿಗಲಿ ಎಂದು.

ಸಂಜೆ ಡಬ್ಬಿ ಸುರುವಿ ಎಣಿಸಿ, "ಇಂದು ಭೇಟಿ ಕೊಟ್ಟವರು: ೧೧" ಎಂದು ಬರೆಯುವಾಗ ಅವನ ಮುಖ ನೋಡಬೇಕಿತ್ತು. ಬರೆದ ಮೇಲೆ ಬಾಗಿಲ ಕಡೆ ಮುಖ ಮಾಡಿ ನಿಂತು, ಇಡೀ ಗೋಡೆಯನ್ನು ಮೊದಲಿನಿಂದ ದೊಡ್ಡ ದನಿಯಲ್ಲಿ ಓದುತ್ತಿದ್ದ.

"ಬರದಿದ್ದನ್ನ ಮತ್ತ ಯಾಕ ಒದರತಿ ಕಾಕಾ?" ಎಂದು ಕೇಳಿದ್ದೆ.

"ಇದು ಆಡಿಯೋ. ನಿನಗ ತಿಳಿಯಂಗಿಲ್ಲ, ಸುಮ್ಮನ ಕೂಡು," ಎಂದಿದ್ದ.

ಕೊನೆಗೂ ಯಾದಗಿರಿಯಲ್ಲಿ ಇಂಟರ್ನೆಟ್ ಸೆಂಟರ್ ಶುರುವಾಯಿತು. ಕಾಕಾ ಇಸ್ತ್ರಿ ಅಂಗಿ ತೊಟ್ಟು ಹೊರಟ, ಜೊತೆಗೆ ನಾನು. ಅವನಿಗೆ ಅಳುಕೇನೂ ಇರಲಿಲ್ಲ. ಯಾಕೆಂದರೆ ಟೈಪ್ ಮಾಡುವುದನ್ನು ಆಗಲೇ ಕಲಿತಿದ್ದ. ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದದಲ್ಲಿ ಕೀಬೋರ್ಡಿನ ಚಿತ್ರ ಸಿಕ್ಕಿತ್ತು. ಅದನ್ನು ಹಲಗೆಗೆ ಅಂಟಿಸಿಕೊಂಡು, ಗೇಜಿನ ಪಕ್ಕ ಕುಳಿತು ಎರಡು ವರ್ಷ ಬೆರಳು ಪಳಗಿಸಿದ್ದ. ಸೆಂಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಪುಕ್ಕಟೆ ಪುಟ ಕೊಡುವ ಒಂದು ತಾಣವನ್ನು ಸೆಂಟರಿನ ಮಾಲೀಕರು ತೆರೆದುಕೊಟ್ಟರು. ಕಾಕಾ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತ ಹೋದ. ಏನು ವೇಗ! ಮಾಲೀಕರೇ ಎದ್ದು ಬಂದು ಹಿಂದೆ ನಿಂತರು. ಊರ ಹೆಸರು, ಗೇಜು, ಹವಾಮಾನ, ಎಲ್ಲ ಬಂತು. ಆದರೆ ಎಲ್ಲವೂ ಒಂದೇ ಸಾಲಿನಲ್ಲಿ ಬಂತು.

"ಕೆಳಗಿನ ಸಾಲಿಗೆ ಬರ್ರಿ ಸರ. ಎಂಟರ್ ಒತ್ತರಿ."

"ಎಂಟರ್ ಅಂದ್ರ?"

"ಇಷ್ಟು ಜಲ್ದಿ ಹೊಡೀತೀರಿ, ಎಂಟರ್ ಗೊತ್ತಿಲ್ಲೇನ್ರಿ? ಬಲಗಡಿ ಐತಿ ನೋಡ್ರಿ, ದೊಡ್ಡದು."

ಕಾಕಾ ಆ ಗುಂಡಿಯನ್ನು ಬಹಳ ಹೊತ್ತು ನೋಡಿದ. "ಇದು ನಮ್ಮ ಹಲಗಿಮ್ಯಾಲ ಇಲ್ಲ," ಎಂದ. ಭಜಿಯವನು ಕಾಗದ ಹರಿದದ್ದು ಬಲಗಡೆಗೆ!

ಅಂತೂ ಪುಟ ತಯಾರಾಯಿತು, ಕೆಳಗೆ ನಿಜವಾದ ಲೆಕ್ಕದ ಡಬ್ಬಿಯೂ ಬಂತು. ಇನ್ನು ಇಡೀ ಜಗತ್ತು ಓದುತ್ತದೆ ಎಂದುಕೊಂಡು ಬಸ್ಸು ಹತ್ತಿದೆವು. ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ ನೋಡಿದರೆ ಡಬ್ಬಿಯಲ್ಲಿ ಮೂರು ಎಂದು ಇತ್ತು. ಪುಟ ಮಾಡಿದ ದಿನ ಕಾಕಾ ಒಮ್ಮೆ ನೋಡಿದ್ದ, ನಾನೊಮ್ಮೆ ನೋಡಿದ್ದೆ. ಮೂರನೆಯದು ನಾವು ಈಗ ತೆರೆದದ್ದು. ಕಾಕಾ ಎದ್ದು ಊರಿನ ಬಸ್ಸು ಹಿಡಿದ. ಶಹಾಪುರ ದಾಟಿದ ಮೇಲೆ, "ತಿಮಿಂಗಿಲ ಅಂತ ಬರದ್ರೂ ಅಷ್ಟೇ ನೋಡು," ಎಂದ. ನನಗೆ ನಗು ಬರಲಿಲ್ಲ. ಮನೆಗೆ ಬಂದವನು ಎರಡನೆಯ ರೊಟ್ಟಿ ಮುಟ್ಟದೆ ಎದ್ದ.

ಅವನು ಗೇಟಿಗೆ ಹೋದ ಮೇಲೆ ಚಿಗವ್ವ ನನ್ನನ್ನು ಅಡಿಗೆಮನೆಗೆ ಕರೆದಳು. ಅವಳಿಗೆ ಓದು ಬರಹ ಬರುವುದಿಲ್ಲ. ವೆಬ್‌ಸೈಟಿನ ಬಗ್ಗೆ ಅವಳು ಒಂದು ಮಾತು ಆಡಿದ್ದನ್ನೂ ನಾನು ಕೇಳಿರಲಿಲ್ಲ. ಹುಣಸೆ ಹಿಂಡುತ್ತ ದನಿ ತಗ್ಗಿಸಿ ಕೇಳಿದಳು:

"ಯವ್ವಾ, ಆ ಯಾದಗಿರಿ ಡಬ್ಬ್ಯಾಗ ಬೀಜ ಹೆಂಗ ಹಾಕತಾರ?"

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. "ಚಿಗವ್ವಾ, ಇಲ್ಲಿ ಡಬ್ಬ್ಯಾಗ ನೀ ಹಾಕತಿದ್ದೇನು?"

"ಮೊದಲನೇ ವಾರ ಡಬ್ಬಿ ಖಾಲಿ ಇತ್ತು. ನಿಮ್ಮ ಕಾಕಾ ಹಿಂಗ ಅರ್ಧ ಊಟಕ್ಕ ಏಳತಿದ್ರು. ಸಾರಿಗೆ ಹುಣಚಿ ಹಿಂಡಿದ ಮ್ಯಾಲ ಬೀಜ ಹೆಂಗೂ ಚೆಲ್ಲಬೇಕಲ್ಲ, ನೀರಿಗೆ ಹೋಗತ ಒಂದು, ಬರತ ಒಂದು ಹಾಕೀನಿ. ಯಾರಿಗೂ ಅನಬ್ಯಾಡ."

ಮುಂದಿನ ವಾರ ಕಣ್ಣು ತೋರಿಸುವ ನೆವ ಹೇಳಿ ಚಿಗವ್ವ ನನ್ನ ಜೊತೆ ಯಾದಗಿರಿಗೆ ಬಂದಳು. ಸೆಂಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಕುರ್ಚಿಯ ತುದಿಯಲ್ಲಿ ಕುಳಿತಳು. ವಿಳಾಸ ನಾನು ಟೈಪ್ ಮಾಡಿದೆ. ಕಾಕಾನಿಗೆ ಗೊತ್ತಿರದ ಆ ಗುಂಡಿಯನ್ನು ತೋರಿಸಿ, "ಇದನ್ನ ಒತ್ತು" ಎಂದೆ. ಒತ್ತಿದಳು. ಪುಟ ನಿಧಾನವಾಗಿ ಮೇಲಿನಿಂದ ಕೆಳಗೆ ಇಳಿಯಿತು. ಡಬ್ಬಿಯಲ್ಲಿ ನಾಲ್ಕು ಎಂದು ಬಂತು.

"ಒಂದೇ ಬಿತ್ತೇನು?" ಎಂದಳು. "ಇಷ್ಟು ದೂರ ಬಂದೀವಿ, ಇನ್ನೊಂದು ಹತ್ತು ಹಾಕಿ ಹೋಗೂನು." ಹತ್ತು ಸಲ ಒತ್ತಿಯೇ ಎದ್ದಳು. ಒಂದೇ ಪುಟವನ್ನು ಇಷ್ಟು ಶ್ರದ್ಧೆಯಿಂದ ಓದುವ ಹೆಣ್ಣುಮಗಳನ್ನು ಕಂಡು ಮಾಲೀಕರಿಗೆ ಬಹಳ ಗೌರವ ಮೂಡಿತು.

ಮತ್ತೆ ಕಾಕಾನ ಜೊತೆ ಹೋದಾಗ ನಾನು ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ. ಪುಟ ತೆರೆಯಿತು. ನಮ್ಮದೂ ಸೇರಿ ಹದಿನೈದು! ಕಾಕಾ ಕುಣಿಯುತ್ತಾನೆ, ಮಾಲೀಕರಿಗೆ ಚಹಾ ಕುಡಿಸುತ್ತಾನೆ ಎಂದುಕೊಂಡಿದ್ದೆ. ಅವನು ಸುಮ್ಮನೆ ನೋಡಿದ, ಎದ್ದ, ಚಪ್ಪಲಿ ಮೆಟ್ಟಿದ. ಬಸ್ಸಿನಲ್ಲಿ ಕುಳಿತ ಮೇಲೆ ಕೇಳಿದ:

"ನಿಮ್ಮ ಚಿಗವ್ವನ ಕಣ್ಣಿಗೆ ಡಾಕ್ಟರು ಏನಂದ್ರು?"

ನಾನು ಕಿಟಕಿಯ ಹೊರಗೆ ನೋಡಿದೆ.

"ಗೇಜ್ ಓದಾಂವ ನಾ," ಎಂದ ಕಾಕಾ. "ನನ್ನ ಬೀಜಕ್ಕ ಚುಕ್ಕಿ ಐತಿ. ದಿನಾ ಡಬ್ಬ್ಯಾಗ ಚುಕ್ಕಿ ಇದ್ದದ್ದು ಮೂರು ಬೀಳತಾವ. ಉಳಿದದ್ದು ಹುಳಿ ಹತ್ತಿದ್ದು, ಹಸೀದು. ನಮ್ಮ ಅಡಿಗಿ ಮನೀದು ನನಗ ಗೊತ್ತಾಗಂಗಿಲ್ಲೇನು?"

"ಗೊತ್ತಿದ್ದೂ ಹನ್ನೊಂದು ಅಂತ ಯಾಕ ಬರೀತಿದ್ದಿ ಕಾಕಾ? ಓದಿದವ್ರು ಮೂರೇ ಮಂದಿ."

"ಓದಿದವ್ರು ಅಂತ ನಾ ಎಲ್ಲಿ ಬರದೀನಿ? ಭೇಟಿ ಕೊಟ್ಟವ್ರು ಅಂತ ಬರದೀನಿ. ಆಕಿ ಬಂದಿದ್ದಿಲ್ಲೇನು? ದಿನಕ್ಕ ಎಂಟು ಸಲ ಬಂದಾಳ."

ಇಷ್ಟು ವರ್ಷ ಇವನನ್ನು ನೋಡಿ ನಕ್ಕೆನಲ್ಲ ಎಂದುಕೊಳ್ಳುತ್ತಲೇ ದೇವಾಪುರದಲ್ಲಿ ಇಳಿದೆ. ಸಂಜೆ ಕಾಕಾ ಎಂದಿನಂತೆ ಡಬ್ಬಿ ಸುರುವಿ, ಎಣಿಸಿ, ಗೋಡೆಯ ಮೇಲೆ ಬರೆದ. ಬಾಗಿಲ ಕಡೆ ಮುಖ ಮಾಡಿ ನಿಂತು ಓದತೊಡಗಿದ. ಬೀದಿಯಲ್ಲಿ ಯಾರೂ ಇರಲಿಲ್ಲ.

"ಇಂದಿನ ಗೇಜು ಮೂರಡಿ ಒಂಬತ್ತಿಂಚು," ಎಂದು ಓದಿ ನಿಂತ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಹೂಂ," ಎಂದಳು ಚಿಗವ್ವ. ಆ ಹೂಂ ದಿನಾಲೂ ಇದ್ದದ್ದೇ ಇರಬೇಕು, ನನ್ನ ಕಿವಿಗೆ ಬಿದ್ದದ್ದು ಮಾತ್ರ ಅವತ್ತೇ. ಅದು ಬಂದ ಮೇಲೆಯೇ ಕಾಕಾ ಮುಂದಿನ ಸಾಲಿಗೆ ಹೋದ.