ಕತ್ತಿಯಾಗುವ ತನಕ ಗಡ್ಡ

ಗಂಡಸಾದವನು ತನ್ನ ಗಡ್ಡಕ್ಕೆ ಪರರು ಮಾಡಿದ ಅಲಗು ತಾಗಿಸಬಾರದು! ಹೀಗೆಂದು ನಾನು, ಕುಂದಗೋಳದ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಪಂಢರಿನಾಥ, ಸ್ಟಾಫ್ ರೂಮಿನಲ್ಲಿ ಮೇಜು ಗುದ್ದಿ ಘೋಷಿಸಿದೆ. ಕ್ಷೌರದ ಕತ್ತಿಯನ್ನು ನಾನೇ ಕೈಯಾರೆ ಮಾಡುವೆ, ಅದಾಗುವ ತನಕ ಈ ಮುಖಕ್ಕೆ ಬೇರೆ ಕತ್ತಿ ಸೋಕದು! ಕೇಳಿದವರೆಲ್ಲ ಚಹಾ ಕುಡಿಯುವುದನ್ನು ಮುಂದುವರಿಸಿದರು.

ಮನೆಯಲ್ಲಿ ನನ್ನ ಧರ್ಮಪತ್ನಿ ಅನ್ನಪೂರ್ಣಾಬಾಯಿ ಅಕ್ಕಿ ಆರಿಸುತ್ತಲೇ ಕೇಳಿದಳು: "ಅಂಗಡ್ಯಾಗ ಬ್ಲೇಡ್ ಸಿಗೂದಿಲ್ಲೇನ್ರಿ?"

"ಅದು ಬರೇ ದಾಡಿ. ಇದು ಸಾಧನಾ."

"ನವಲಗುಂದದಿಂದ ಮಗಳನ್ನ ನೋಡ್ಲಿಕ್ಕೆ ಬರೋರಿದ್ದಾರ. ಅಷ್ಟರಾಗ ನಿಮ್ಮ ಸಾಧನಾ ಮುಗೀಲಿ."

ಕಬ್ಬಿಣ ಉಜ್ಜುವ ಸವೆದ ಕಾನಸುಗಳನ್ನು ಸಂಪಾದಿಸಿದೆ. ಒಂದನ್ನು ಬಚ್ಚಲೊಲೆಯ ಕೆಂಡದಲ್ಲಿ ಕಾಯಿಸಿ, ಬಡಿದು, ಅರಿವೆ ಒಗೆಯುವ ಕಲ್ಲಿನ ಮೇಲೆ ತಿಕ್ಕಿ ಅಲಗು ತೆಗೆದೆ. ಇನ್ನು ಕತ್ತಿಗೆ ಗಡಸು ಬರಬೇಕಾದರೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಎಣ್ಣೆ ಎಲ್ಲಿದೆ? ಅಡುಗೆಮನೆಯಲ್ಲಿ! ಚುಂಯ್ ಎಂದಿತು, ಮನೆ ತುಂಬ ಹೊಗೆ. ಕತ್ತಿ ಕುಡುಗೋಲಿನ ಹಾಗೆ ಬಾಗಿತು. ಆ ಎಣ್ಣೆ ಮುಗಿಯುವ ತನಕ ನಮ್ಮ ಒಗ್ಗರಣೆಗೆಲ್ಲ ಕಬ್ಬಿಣದ ವಾಸನೆ. ಮುಂದಿನ ಕತ್ತಿ ಸೀಳಿಹೋಯಿತು. ಅದರ ಮುಂದಿನದು ನೆಟ್ಟಗೆ ಬಂತು, ಆದರೆ ಬದನೆಕಾಯಿಯೂ ಅದಕ್ಕೆ ಹೆದರಲಿಲ್ಲ.

ಗಡ್ಡ ಮಾತ್ರ ಯಾವ ಅಡ್ಡಿಯೂ ಇಲ್ಲದೆ ಬೆಳೆಯಿತು.

ಈ ನಡುವೆ ಓಣಿಯ ಹೆಂಗಸರು ಅನ್ನಪೂರ್ಣಾಬಾಯಿಗೆ ಮಾವಿನಕಾಯಿ, ಹುಣಸೆ ಚಿಗಳಿ ತಂದುಕೊಡತೊಡಗಿದರು. ಬಾಜು ಮನೆಯ ಲೀಲಾಬಾಯಿಯಂತೂ ಅವಳ ಕೈಯಿಂದ ನೀರಿನ ಕೊಡವನ್ನೇ ಕಸಿದುಕೊಂಡರು. ಆಹಾ, ಸಾಧಕನ ಹೆಂಡತಿಗೂ ಎಂಥ ಮರ್ಯಾದೆ ಎಂದು ನಾನು ಹಿಗ್ಗಿದೆ.

ಆ ಹಿಗ್ಗಿಗೆ ನೀರೆರಚಿದವನು ಸಂಬಂಧ ತಂದ ನನ್ನ ಚಿಕ್ಕಪ್ಪನ ಮಗ ವೆಂಕಣ್ಣ. "ಪಂಢರಿ, ನವಲಗುಂದದವರು ಹಿಂದ ಮುಂದ ನೋಡ್ಲಿಕ್ಹತ್ಯಾರ. ಬೀಗತೀನ ಬಾಣಂತಿ ಆದ್ರ ಮದುವ್ಯಾಗ ಓಡ್ಯಾಡೋರು ಯಾರು ಅಂತ. ರವಿವಾರ ಬಂದು ಕಣ್ಣಾರೆ ನೋಡಿ ಹೇಳ್ತಾರಂತ."

"ಯಾರೋ ಬಾಣಂತಿ?"

"ನಿನ್ನ ಹೇಣ್ತಿ. ಮತ್ತ ಈ ಗಡ್ಡ ಯಾಕ ಬಿಟ್ಟಿ?"

ನಾನು ಗಡ್ಡ ಮುಟ್ಟಿ ನೋಡಿಕೊಂಡೆ. ಹೆಂಡತಿ ಬಸುರಿದ್ದಾಗ ಗಂಡ ಹೆರಿಗೆಯ ತನಕ ಕ್ಷೌರ ಮಾಡಿಸಿಕೊಳ್ಳದಿರುವುದು ನಮ್ಮ ಮನೆತನಗಳ ಪದ್ಧತಿ. ಊರು ನನ್ನ ಮುಖ ನೋಡಿ ಅವಳ ಹೊಟ್ಟೆಯ ಲೆಕ್ಕ ಹಾಕಿತ್ತು! ಅದೂ ಮದುವೆಗೆ ಬಂದ ಮಗಳಿರುವವಳ ಹೊಟ್ಟೆ!

ಒಳಗಿನಿಂದ ಎಲ್ಲ ಕೇಳಿಸಿಕೊಂಡ ಅನ್ನಪೂರ್ಣಾಬಾಯಿ ಕೂಗಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಅವ್ರು ಬರೋದ್ರಾಗ ಗಡ್ಡ ಹೋಗಬೇಕು. ಇಲ್ಲಾಂದ್ರ ನಾ ತವರಮನಿಗೆ ಹೋಗ್ತೀನಿ. ಬಾಣಂತನಕ್ಕ ಹೋದ್ಲು ಅಂತಾರ ಮಂದಿ. ಅನ್ಲಿ," ಎಂದಳು.

ರವಿವಾರ ಮುಂಜಾನೆ ಹೊಸ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆದೆ. ಥಳಥಳ ಹೊಳೆಯಿತು! ಬಚ್ಚಲಿನಲ್ಲಿ ಕೂತು, ಸಾಬೂನು ಹಚ್ಚಿ, ಕುಲದೇವರನ್ನು ನೆನೆದು ಎಳೆದೆ. ಕತ್ತಿ ಕೂದಲನ್ನು ಕತ್ತರಿಸಲಿಲ್ಲ, ಬೇರು ಸಮೇತ ಕಿತ್ತಿತು! "ಅವ್ವಾ, ಸತ್ತೆ!" ಎಂದು ನಾನು ಹಾಕಿದ ಚೀರಾಟ ಬೀದಿಗೆ ಮುಟ್ಟಿತು. ಅದೇ ಹೊತ್ತಿಗೆ ಬೀದಿಯಲ್ಲಿ ನವಲಗುಂದದವರ ಟಾಂಗಾ ನಿಂತಿತ್ತು.

ಬಚ್ಚಲ ಬಾಗಿಲ ಸಂದಿಯಿಂದ ಅಂಗಡಿಯ ಬ್ಲೇಡು ಹಿಡಿದ ಕೈಯೊಂದು ಒಳಗೆ ಬಂತು. ಬಳೆಗಳು ಸಪ್ಪಳ ಮಾಡಿದವು. ಶಪಥ ಬಚ್ಚಲ ಮೋರಿಯಲ್ಲಿ ಹರಿದುಹೋಯಿತು.

ನುಣ್ಣನೆಯ ಮುಖ ಹೊತ್ತು ಪಡಸಾಲೆಗೆ ಬಂದೆ. ಹುಡುಗನ ತಾಯಿ ದ್ವಾರಕಾಬಾಯಿ, ಬಸುರಿಯ ಮನೆಗೆ ಬರಿಗೈಲಿ ಬರಬಾರದೆಂದು ತಂದ ಕುಪ್ಪಸದ ಖಣ, ತೆಂಗಿನಕಾಯಿ ಮುಂದಿಟ್ಟುಕೊಂಡು ಕೂತಿದ್ದರು. ನನ್ನ ಗಲ್ಲ ನೋಡಿದ್ದೇ ಕೇಳಿದರು: "ಹೆರಿಗಿ ಬ್ಯಾನಿ ತಿನ್ನೂದು ಹೊರಗ ಕೇಳಸ್ತರಿ. ದಾಡೀನೂ ಆತಂದ್ರ ಹಡದಾತು. ಗಂಡೋ, ಹೆಣ್ಣೋ?"

ಆಗ ಅನ್ನಪೂರ್ಣಾಬಾಯಿ ಸಪೂರವಾಗಿ, ನೆಟ್ಟಗೆ, ತಾಟು ಹಿಡಿದು ಹೊರಬಂದಳು. ತಾಟಿನಲ್ಲಿ ಉಪ್ಪಿಟ್ಟಿನ ಬಾಜು ನನ್ನ ಕತ್ತಿ.

"ಬ್ಯಾನಿ ತಿಂದವ್ರು ಇವ್ರರಿ," ಎಂದಳು. "ಹಡದದ್ದು ಇದು."

ನಡೆದುದನ್ನೆಲ್ಲ ಕೇಳಿ ದ್ವಾರಕಾಬಾಯಿ ಕಣ್ಣೀರು ಬರುವ ತನಕ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು, ನಮ್ಮ ಮಗಳನ್ನು ನೋಡಿದರು, ಒಪ್ಪಿದರು. ಬದುಕಿದೆನಲ್ಲ ಎಂದು ನಾನು ಮೆಲ್ಲಗೆ ಏಳುತ್ತಿದ್ದೆ. ಅವರು ಖಣ, ಕಾಯಿ ಕೈಗೆತ್ತಿಕೊಂಡು ನನ್ನ ಕಡೆ ತಿರುಗಿದರು.

"ಕೂಡ್ರಿ ಮಾಸ್ತರ. ಹಡದವರ ಉಡಿ ಬರಿದಿರಬಾರದು."

ಹೆಣ್ಣು ಕೊಡುವವನಿಗೆ ಬೀಗತಿಯ ಮಾತು ಮೀರಲಾದೀತೆ? ಧೋತರದ ಅಂಚು ಹರವಿ, ತಲೆ ತಗ್ಗಿಸಿ, ಉಡಿ ತುಂಬಿಸಿಕೊಂಡೆ.