ಮನೆಯೊಡೆಯನನ್ನೇ ಹೊರಗೆ ನಿಲ್ಲಿಸಿದ ರೂಟರ್ ಮಹಾಶಯರಿಗೆ

ನಾರಿನ್ ಪಟ್ಟಣದ ನಮ್ಮ ಮನೆಯ ಕಪಾಟಿನ ಮೇಲೆ ವಿರಾಜಮಾನರಾದ ಮಾನ್ಯ ರೂಟರ್ ಅವರಿಗೆ, ಆ ಮನೆಗೆ ತಾನೇ ಯಜಮಾನನೆಂದು ಇಷ್ಟು ದಿನ ತಪ್ಪು ತಿಳಿದಿದ್ದ ಕೆಂಜೆಬೆಕ್ ಮಾಡುವ ವಿನಮ್ರ ವಂದನೆಗಳು.

ಮಾನ್ಯರೇ, ಕಳೆದ ವಾರ ಬೆಟ್ಟಗಳಾಚೆಯ ದೂರದ ಊರು ಓಶ್‌ನಲ್ಲಿ ನನ್ನ ತಂಗಿಯ ಮಗಳು ಸೈಕಾಲಳ ಮದುವೆಯಿದ್ದದ್ದು ತಮಗೆ ತಿಳಿದೇ ಇದೆ. ಮಗಳನ್ನು ಕಳಿಸಿಕೊಡುವಾಗ ತಾಯಿ, ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಅಳುಹಾಡು ಹಾಡುವುದು ನಮ್ಮಲ್ಲಿ ವಾಡಿಕೆ. ತಂಗಿ ಬುರುಲ್ ತೀರಿಹೋಗುವ ಮುನ್ನ ಹಾಸಿಗೆಯಲ್ಲೇ ಆ ಹಾಡನ್ನು ಹಾಡಿಟ್ಟಿದ್ದಳು. ಅದು ಮನೆಯ ಕಂಪ್ಯೂಟರಿನಲ್ಲಿತ್ತು. ಹೊರಗಿನಿಂದ ಅದನ್ನು ತಲುಪಲೆಂದು ತಮ್ಮಲ್ಲೊಂದು ಬಾಗಿಲು ತೆರೆದು, ಅಡುಗೆಮನೆಯಲ್ಲಿ ಕೂತು ಪರೀಕ್ಷಿಸಿ, ಎಲ್ಲಿದ್ದರೂ ಸಿಗುತ್ತದೆಂದು ಬಂಧುಗಳೆದುರು ಬೀಗಿದವನು ನಾನು. ಮನೆಯೊಳಗಿದ್ದೇ ಮನೆಯ ಕದ ತಟ್ಟಿದ್ದೆನೆಂಬ ಸೂಕ್ಷ್ಮ ಆಗ ಹೊಳೆಯಲಿಲ್ಲ.

ಓಶ್‌ನಲ್ಲಿ ಪಲಾವ್ ಬೆಂದಿತು, ವರನ ಕಡೆಯವರು ಬಂದು ಕೂತರು, ತಾವು ಮಾತ್ರ ಕದ ತೆರೆಯಲಿಲ್ಲ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. "ಅಣ್ಣಾ, ನಿಮ್ಮ ಇಡೀ ಬೀದಿಗೆ ಹೊರಗಡೆ ಇಂಟರ್ನೆಟ್ಟಲ್ಲಿ ಒಂದೇ ವಿಳಾಸ. ನೀವು ತಟ್ಟಿದ್ರೆ ಯಾವ ಮನೆಗೆ ಅಂತ ಹೇಗೆ ಗೊತ್ತಾಗ್ಬೇಕು? ಬೇರೆ ವಿಳಾಸ ಬೇಕಂದ್ರೆ ಸೋಮವಾರ ನೋಡೋಣ" ಎಂದ ಅಲ್ಲಿನವನು. ಇಂಥ ಸಮಾನತೆಯನ್ನು ನಾನು ಸೋವಿಯತ್ ಕಾಲದಲ್ಲೂ ಕಂಡಿರಲಿಲ್ಲ. ಹುಡುಗಿಯನ್ನು ಕರೆದೊಯ್ಯಲು ಬಂದಿದ್ದ ವರನ ಕಾರುಗಳನ್ನು ಸೋಮವಾರದವರೆಗೆ ತಡೆದು ನಿಲ್ಲಿಸಿರೆಂದು ತಮ್ಮನ್ನೇ ಬೇಡೋಣವೆನಿಸಿತು. ತಡೆಯುವುದರಲ್ಲಿ ತಮ್ಮನ್ನು ಮೀರಿದವರಿಲ್ಲವಲ್ಲ.

ಕೊನೆಗೆ, ಕೀಲಿ ಕೊಟ್ಟುಬಂದಿದ್ದ ಪಕ್ಕದ ಮನೆಯ ಟುರ್ಸುನೈ ಅಕ್ಕನನ್ನು ಒಳಗೆ ಕಳಿಸಿ, ಹಾಡು ಕಳಿಸುವ ಬಗೆ ಫೋನಿನಲ್ಲಿ ವಿವರಿಸತೊಡಗಿದೆ. "ಕಳ್ಸೋದು ಗಿಳ್ಸೋದು ನನ್ ಕೈಲಾಗಲ್ಲಪ್ಪ. ಇಲ್ಲೇ ಹಚ್ತೀನಿ, ಫೋನ್ ಹಿಡೀತೀನಿ. ಹುಡುಗೀನ ಕರಿ" ಎಂದು ಗದರಿದರು.

ಸೈಕಾಲ್ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಬುರುಲಳ ದನಿ ಬಂತು. ನಡುವೆ ಕೆಮ್ಮು ಬಂತು, ಹಾಡು ನಿಂತಿತು. ಅವಳು ಮುಗಿಸಲಾರದೆ ಬಿಟ್ಟಿದ್ದಳೆಂಬುದು, ಅದನ್ನು ಎಂದೂ ಕೊನೆಯವರೆಗೆ ಕೇಳಲಾಗದ ನನಗೆ ಗೊತ್ತಿರಲಿಲ್ಲ. ಆಗ ಆ ಬದಿಯಿಂದ ಟುರ್ಸುನೈ ಅಕ್ಕನ ಒಡಕು ದನಿ ಉಳಿದ ಸಾಲುಗಳನ್ನು ಎತ್ತಿಕೊಂಡಿತು. ಹಾಡು ಮುಗಿದ ಮೇಲೂ ಹುಡುಗಿ ಫೋನ್ ಇಳಿಸಲಿಲ್ಲ. ಕಾರುಗಳು ತಾವಾಗಿಯೇ ಕಾದವು.

ತಾವು ಕದ ತೆರೆದಿದ್ದರೆ ಓಶ್ ತಲುಪುತ್ತಿದ್ದದ್ದು ಅರ್ಧ ಹಾಡು. ಆದ್ದರಿಂದ ಈ ದೂರನ್ನು ಕೃತಜ್ಞತೆಯೆಂದೇ ಸ್ವೀಕರಿಸಬೇಕಾಗಿ ಪ್ರಾರ್ಥನೆ.

ಹೊರಗೇ ನಿಂತಿರುವ, ತಮ್ಮ ವಿಶ್ವಾಸಿ,
ಕೆಂಜೆಬೆಕ್

ಮರೆತ ಮಾತು: ಮರಳಿ ಬಂದಾಗ ಹಿತ್ತಿಲ ಕುರಿ ಕಾಣೆಯಾಗಿತ್ತು. ಕಳ್ಳ ನಡೆದೇ ಬಂದದ್ದರಿಂದ ತಮ್ಮ ಕಟ್ಟುನಿಟ್ಟಿನ ಕಾವಲಿನ ಗಮನಕ್ಕೆ ಬಂದಿರಲಾರನು.