ರಿವರ್ಸಿನ ಕುರ್ಚಿಯಲ್ಲಿ ಕುಳಿತ ಐದನೇ ಗೇರಿನವರಿಗೆ

ಮಾನ್ಯ ಐದನೇ ಗೇರ್ ಅವರ ಸನ್ನಿಧಾನಕ್ಕೆ, ಮೊಳಕಾಲ್ಮೂರಿನ ಸೋಮಶೇಖರಪ್ಪನು ಎರಡೂ ಕೈಗಳ ಗ್ರೀಸನ್ನು ಮೊದಲು ಡೀಸೆಲ್ಲಿನಲ್ಲಿ, ಆಮೇಲೆ ಬಟ್ಟೆ ಸೋಪಿನಲ್ಲಿ ತೊಳೆದುಕೊಂಡು, ಉಗುರಿನ ಸಂದಿಯದ್ದು ಹೋಗದ ಕಾರಣ ಅದಕ್ಕೆ ಕ್ಷಮೆ ಕೇಳಿ, ಕೈಮುಗಿದು ಮಾಡುವ ಅರಿಕೆ. ತಾವು ತಮ್ಮ ಎಲ್ಲ ಹಲ್ಲುಗಳ ಸಮೇತ ಹೊಸ ಎಣ್ಣೆಯಲ್ಲಿ ಮುಳುಗಿ ಸುಖವಾಗಿದ್ದೀರಿ ಎಂದು ನಂಬಿದ್ದೇನೆ. ಇಲ್ಲಿ ನಾನೂ ಕ್ಷೇಮ. ಸೊಂಟದ ವಿಷಯ ಕೇಳಬೇಡಿ.

ಮಾನ್ಯರೇ,

ಚಳ್ಳಕೆರೆಯ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ರಾಮಾಂಜನೇಯ ಮೇಷ್ಟ್ರು, ಅಧಿಕಾರಸ್ಥರಿಗೆ ಬರೆಯುವ ಪತ್ರಕ್ಕೆ ಮೂರು ಅಂಗಗಳಿರಬೇಕು ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದರು: ಒಂದು ಸೆಲ್ಯೂಟೇಶನ್, ಎರಡು ಬಾಡಿ, ಮೂರನೆಯದು ನನಗೆ ಸದ್ಯಕ್ಕೆ ನೆನಪಾಗುತ್ತಿಲ್ಲ. ಸೆಲ್ಯೂಟೇಶನ್ ಮೇಲೆ ಆಯಿತು. ಈಗ, ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್‌ಮಿಷನ್, ಬಾಡಿಗೆ ಬರುತ್ತೇನೆ. ತಮ್ಮ ಮೇಲೆ ನನಗೆ ದ್ವೇಷವಿಲ್ಲ. ತಾವು ಕೂರಬಾರದ ಜಾಗದಲ್ಲಿ ಕೂತಿದ್ದೀರಿ ಎಂಬ ಒಂದೇ ದೂರು.

ತಾವು ನಮ್ಮ ಮನೆಗೆ ಬಂದ ಹಿನ್ನೆಲೆ ತಮಗೆ ತಿಳಿದಿರಲಾರದು. ನಾನು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ತೂಕದ ಗುಮಾಸ್ತನಾಗಿದ್ದವನು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಸಾಕಾಗಿ ಕೊಂಡ ಸೆಕೆಂಡ್ ಹ್ಯಾಂಡ್ ಸಣ್ಣ ಕಾರಿಗೆ ನಾಲ್ಕೇ ಗೇರು. ನನ್ನ ಹೆಂಡತಿ ದಾಕ್ಷಾಯಿಣಿ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದಳು. ಯಾವಾಗಲಾದರೂ ನನ್ನ ಜೊತೆ ಚಳ್ಳಕೆರೆಗೆ ಹೊರಟರೆ, ತಳಕು ದಾಟಿದ ಮೇಲಿನ ನೇರ ರಸ್ತೆಯಲ್ಲಿ ಕಾರು ನಾಲ್ಕನೇ ಗೇರಿನಲ್ಲಿ ಗೋಳಾಡುವುದನ್ನು ಕೇಳಿಸಿಕೊಂಡು, "ಇನ್ನೊಂದು ಗೇರ್ ಹಾಕ್ರಿ, ಪಾಪ ಅಳ್ತೈತೆ" ಅನ್ನುತ್ತಿದ್ದಳು. ಇರುವುದೇ ಇಷ್ಟು ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. "ಇದ್ದಿದ್ರೆ ಹಾಕ್ತಿದ್ರೇನು ನೀವು?" ಎಂದು ಅವಳು ಪ್ರತಿ ಸಲವೂ ಕೇಳುತ್ತಿದ್ದಳು. ನಾನು ಎಲ್ಲದರಲ್ಲೂ ನಿಧಾನದ ಮನುಷ್ಯ ಎಂಬುದು ಆ ಪ್ರಶ್ನೆಯ ಒಳಗಿನ ಮಾತು. ಉತ್ತರ ಕೊಡುವ ಮೊದಲು ಅವಳು ತೀರಿಕೊಂಡಳು. ಹಾಗಾಗಿ ತಮ್ಮನ್ನು ಹುಡುಕಿಕೊಂಡು ಬಂದೆ. ನನಗೆ ವೇಗದ ಚಟ ಎಂದು ತಾವು ತಿಳಿಯಬಾರದು.

ತಾವು ದೊರೆತದ್ದು ಚಳ್ಳಕೆರೆಯ ಬಾಲರಾಜನ ಗುಜರಿ ಅಂಗಡಿಯಲ್ಲಿ, ಎರಡು ಒಡೆದ ಬಂಪರುಗಳ ಕೆಳಗೆ. ತಾವಿದ್ದ ಕಾರನ್ನು ಒಬ್ಬ ಡಾಕ್ಟರಮ್ಮ ಓಡಿಸುತ್ತಿದ್ದರೆಂದೂ, ಅವರು ತಮ್ಮನ್ನು ಹೂವಿನ ಹಾಗೆ ನೋಡಿಕೊಂಡಿದ್ದರೆಂದೂ ಅವನು ಹೇಳಿದ. ಆ ಡಾಕ್ಟರಮ್ಮನ ಕಾಲಿನ ಭಾರ ಎಷ್ಟಿತ್ತೆಂಬುದು ತಮ್ಮ ಪಕ್ಕದಲ್ಲಿದ್ದ ಕ್ಲಚ್ ಪ್ಲೇಟನ್ನು ನೋಡಿದಾಗ ಗೊತ್ತಾಯಿತು, ಇರಲಿ. ಗೇರ್ ಬಾಕ್ಸು ಹೊಸದಾಗಿ ಬರುವಾಗ ಮುಕ್ಕಾದ ಇಂಜಿನ್ನನ್ನು ಹಾಗೇ ಬಿಡುವುದು ಸರಿಯಲ್ಲ, ಹೊಸ ಸೊಸೆಯನ್ನು ಸೋರುವ ಮನೆಗೆ ಕರೆದಂತಾಗುತ್ತದೆ ಅನ್ನಿಸಿ ಇಂಜಿನ್ನನ್ನೂ ಬಿಚ್ಚಿದೆ.

ಬಿಚ್ಚಿದ ಜಾಗದ ವಿಷಯ ಹೇಳಬೇಕು, ಏಕೆಂದರೆ ಜಗಳವೆಲ್ಲ ಅದರದ್ದೇ. ನಮ್ಮ ಮನೆಯ ಪಕ್ಕದಲ್ಲಿ ಮಗ್ಗದ ಕೋಣೆ. ದಾಕ್ಷಾಯಿಣಿಯದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತಾ ನೇಯುವುದು. ಕಾರಿನ ಕೆಳಗೆ ಕೂತು ಗೇರ್ ಬಾಕ್ಸ್ ಇಳಿಸಲು ಅಂಥ ಗುಂಡಿ ಇಡೀ ಜಿಲ್ಲೆಯ ಯಾವ ಗ್ಯಾರೇಜಿನಲ್ಲಿಯೂ ಇರಲಾರದು. ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಏರಿಸಿ, ಬಾಗಿಲ ಚೌಕಟ್ಟು ಕಿತ್ತು, ಕಾರನ್ನು ಮೂತಿ ಮುಂದಾಗಿ ಒಳಗೆ ತಂದು ಗುಂಡಿಯ ಮೇಲೆ ನಿಲ್ಲಿಸಿದೆ. ಮುಂದೆ ಗೋಡೆ, ಹಿಂದೆ ಬೀದಿ. ಗುಂಡಿಯ ತಳದ ಮಣ್ಣಿನಲ್ಲಿ ಅವಳ ಹಿಮ್ಮಡಿಗಳು ಮಾಡಿದ ಎರಡು ತಗ್ಗುಗಳಿದ್ದವು. ನನ್ನ ಹಿಮ್ಮಡಿಗೆ ಅವು ಚಿಕ್ಕವು, ಆದರೂ ಅಲ್ಲೇ ಊರಿಕೊಂಡು ಕೆಲಸ ಮಾಡಿದೆ.

ಈ ಏರ್ಪಾಟಿಗೆ ಒಪ್ಪಿಗೆ ಕೊಟ್ಟವಳು ನನ್ನ ನಾದಿನಿ ಶಾಂತಕುಮಾರಿ. ಅವಳೂ ನೇಕಾರಳೇ. ಅವಳ ಬಾಡಿಗೆ ಮನೆಯ ಮಾಲೀಕರು ನೆಲಕ್ಕೆ ಟೈಲ್ಸ್ ಹಾಕಿಸುವ ಉತ್ಸಾಹದಲ್ಲಿ ಅವಳ ಮಗ್ಗದ ಗುಂಡಿಯನ್ನು ಮುಚ್ಚಿಸಿದ್ದರು. ಅಕ್ಕನ ಗುಂಡಿಯಲ್ಲಿ ಅಕ್ಕನ ಮಗ್ಗ ಹೂಡಿ ನೇಯುವುದೆಂದು ನಮ್ಮಿಬ್ಬರಲ್ಲಿ ಮಾತಾಗಿತ್ತು. "ದೀಪಾವಳಿ ತನಕ ನಿಮ್ ಕಾರು, ಆಮೇಲೆ ನನ್ ಕಾಲು, ಬಾವ" ಎಂದು ಅವಳು ಗಡುವು ಕೊಟ್ಟಳು. ಸೀರೆ ಸಾಹುಕಾರರಿಂದ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ತಂದು ಸುತ್ತಿ ಇಟ್ಟುಕೊಂಡಿದ್ದಳು. ಅದನ್ನು ಇಲಿಗಳಿಂದ ಕಾಯುತ್ತಾ, ಅಲ್ಲಿಯವರೆಗೆ ಊರವರ ಮನೆಗಳಲ್ಲಿ ಕೂಲಿಗೆ ಕಂಡಿಕೆ ಸುತ್ತುತ್ತಿದ್ದಳು. ಸೀರೆಯ ಸೆರಗು ನೇಯಬಲ್ಲ ಕೈ ಬೇರೆಯವರ ಲಾಳಿಗೆ ನೂಲು ತುಂಬುವುದೆಂದರೆ ಅದು ಡಿಮೋಷನ್ನು. ಇದನ್ನು ತಾವು ಗಮನಕ್ಕೆ ತಂದುಕೊಳ್ಳಬೇಕು.

ಇಂಜಿನ್ ಕೆಲಸ ಮಾತ್ರ ಸರಿಯಾಗಿ ನಡೆಯಿತು. ಬ್ಲಾಕನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಚಳ್ಳಕೆರೆಗೆ ಒಯ್ದೆ. ಚೀಲದಲ್ಲಿ ಏನೆಂದು ಕಂಡಕ್ಟರು ಕೇಳಿದರು, ಇಂಜಿನ್ ಎಂದೆ. "ಬಸ್ಸಿಗೆ ಒಂದ್ ಐತಲ್ರಿ, ಇನ್ನೊಂದ್ ಯಾಕ್ ತಂದ್ರಿ?" ಎಂದು ಲಗೇಜ್ ಟಿಕೆಟ್ ಹರಿದರು. ಲೇತ್ ಅಂಗಡಿಯಲ್ಲಿ ಸವೆದ ಸಿಲಿಂಡರುಗಳಿಗೆ ಬೋರ್ ಹೊಡೆಸಿ, ಒಂದು ಅಳತೆ ದೊಡ್ಡ ಪಿಸ್ಟನ್ನು, ಹೊಸ ರಿಂಗು ಹಾಕಿಸಿದ್ದಾಯಿತು. ವಾಲ್ವುಗಳನ್ನು ಮನೆಯಲ್ಲೇ ಪೇಸ್ಟ್ ಹಚ್ಚಿ, ಕೋಲನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆಯುವಂತೆ ತಿರುವಿ ತಿರುವಿ ಕೂರಿಸಿದೆ. ಇದನ್ನೆಲ್ಲ ಮೊಬೈಲಿನಲ್ಲಿ ಕಲಿಸುವ ಒಬ್ಬ ಬಿಳಿಯ ಮನುಷ್ಯ ಮಾತುಮಾತಿಗೆ "ಈಸಿ ಪೀಸಿ" ಅನ್ನುತ್ತಾನೆ. ರಾಮಾಂಜನೇಯ ಮೇಷ್ಟ್ರು ನಮಗೆ ಈ ಪದವನ್ನು ಕಲಿಸಿರಲಿಲ್ಲವಾದ್ದರಿಂದ, ಅದೊಂದು ಸ್ಪ್ಯಾನರಿನ ಹೆಸರೆಂದು ತಿಳಿದು ನಾನು ಎರಡು ಅಂಗಡಿಗಳಲ್ಲಿ ಕೇಳಿದ್ದು ನಿಜ.

ಬಿಚ್ಚಿದ ಸಾಮಾನು ಬೆರೆಯದಿರಲೆಂದು ಒಂದು ಉಪಾಯ ಮಾಡಿದ್ದೆ. ಮಗ್ಗದ ಕೋಣೆಯಲ್ಲಿ ತುಂಡು ರೇಷ್ಮೆ ನೂಲಿಗೆ ಬರವಿಲ್ಲ. ಇಂಜಿನ್ ಹೆಡ್ಡಿನ ಬೋಲ್ಟುಗಳಿಗೆ ಹಸಿರು, ಗೇರ್ ಬಾಕ್ಸಿನವಕ್ಕೆ ಕೆಂಪು, ಗೇರ್ ಕಡ್ಡಿಯಿಂದ ಬಾಕ್ಸಿಗೆ ಹೋಗುವ ರಾಡಿಗೆ ಹಳದಿ; ಮೇಲುಮುಖ ಯಾವುದೋ ಆ ಕಡೆಗೆ ಗಂಟು. ಇದಕ್ಕಿಂತ ವೈಜ್ಞಾನಿಕ ವ್ಯವಸ್ಥೆ ಜಪಾನಿನಲ್ಲೂ ಇರಲಾರದು ಎಂದುಕೊಂಡಿದ್ದೆ. ಅಷ್ಟರಲ್ಲಿ ಆಯುಧಪೂಜೆ ಬಂತು.

ನಾನು ಗ್ಯಾಸ್ಕೆಟ್ ತರಲು ಚಳ್ಳಕೆರೆಗೆ ಹೋಗಿ ಸಂಜೆ ಬರುವಷ್ಟರಲ್ಲಿ ಶಾಂತಕುಮಾರಿ ಎಲ್ಲ ನೂಲುಗಳನ್ನೂ ಬಿಚ್ಚಿ, ತೊಳೆದು, ಒಂದೇ ಉಂಡೆಯಾಗಿ ಸುತ್ತಿದ್ದಳು. ಬೋಲ್ಟು, ಹಲ್ಲುಚಕ್ರ, ರಾಡು, ವಾಷರುಗಳನ್ನೆಲ್ಲ ಸೀಗೆಪುಡಿ ಹಾಕಿ ಉಜ್ಜಿ, ಒಣಗಿಸಿ, ಹಲಗೆಯ ಮೇಲೆ ಎತ್ತರದ ಪ್ರಕಾರ, ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುವಂತೆ ಸಾಲಾಗಿ ನಿಲ್ಲಿಸಿ, ಪ್ರತಿಯೊಂದಕ್ಕೂ ವಿಭೂತಿ ಹಚ್ಚಿ ಕುಂಕುಮದ ಬೊಟ್ಟಿಟ್ಟಿದ್ದಳು. ತಾವು ಸಾಲಿನ ನಡುವೆ, ಚೆಂಡುಹೂವು ಮುಡಿದುಕೊಂಡು ನಿಂತಿದ್ದಿರಿ. ಸುಂದರವಾಗಿ ಕಾಣುತ್ತಿದ್ದಿರಿ ಎಂದು ಈಗ ಒಪ್ಪುತ್ತೇನೆ. ನನ್ನ ಮುಖ ನೋಡಿ ಅವಳೇ ಹೇಳಿದಳು: "ಹೋದ ವರ್ಷ ಅಕ್ಕನ ಮಗ್ಗಕ್ಕೆ ಪೂಜೆ ಆಗ್ಲಿಲ್ಲ. ಈ ವರ್ಷ ಆ ಜಾಗದಾಗೆ ಏನೈತೋ ಅದಕ್ಕೇ ಮಾಡಿದೀನಿ, ಬಾವ. ರೇಷ್ಮೆಗೆ ಯಾರಾದ್ರೂ ಗ್ರೀಸ್ ಹಚ್ತಾರಾ?"

ಮಂಗಳಾರತಿ ತೆಗೆದುಕೊಂಡೆ. ಮರುದಿನದಿಂದ ನೆನಪಿನ ಮೇಲೆ, ಮೊಬೈಲಿನ ಈಸಿ ಪೀಸಿಯವನ ಮೇಲೆ, ಉಳಿದದ್ದು ದೇವರ ಮೇಲೆ ಭಾರ ಹಾಕಿ ಜೋಡಿಸಿದೆ. ದೀಪಾವಳಿ ಬಂದು ಹೋಯಿತು. ಕಡೆಗೆ ಒಂದು ಬೆಳಿಗ್ಗೆ ಕೀಲಿ ತಿರುವಿದರೆ ಇಂಜಿನ್ನು ಮೊದಲ ಸಲಕ್ಕೇ ಎದ್ದು, ಎಷ್ಟು ಹಿತವಾಗಿ ಗುನುಗಿತೆಂದರೆ ಶಾಂತಕುಮಾರಿ ಅಟ್ಟದ ಏಣಿಯನ್ನು ಹುಡುಕಲು ಹೊರಟಳು. ಉಳಿದದ್ದು ರಿವರ್ಸ್ ಹಾಕಿ ಬೀದಿಗೆ ಇಳಿಸುವುದೊಂದೇ.

ಇಲ್ಲಿಂದ ತಮ್ಮ ಪಾತ್ರ ಆರಂಭ. ಗೇರ್ ಕಡ್ಡಿಯನ್ನು ಬಲಕ್ಕೆ ತಂದು ಕೆಳಗೆ ಎಳೆದು, ಪದ್ಧತಿಯ ಪ್ರಕಾರ ರಿವರ್ಸನ್ನು ಕರೆದೆ. ಕಾರು ಕೆಮ್ಮಿ, ಒಂದು ಗೇಣು ಮುಂದಕ್ಕೆ ಹಾರಿ, ಗೋಡೆಗೆ ಮೂತಿ ತಾಗಿಸಿ ಬಂದ್ ಬಿತ್ತು. ಇಂಜಿನ್ನು ರೇಸ್ ಮಾಡಿ ಮತ್ತೆ ಕರೆದೆ, ಮತ್ತೆ ಅದೇ. ಎದುರಿಗೆ ಗೋಡೆ ಇದ್ದುದರಿಂದ ಮುಂದಿನ ಗೇರುಗಳನ್ನು ಪರೀಕ್ಷಿಸುವ ದಾರಿಯೂ ಇರಲಿಲ್ಲ. ಬಾಲರಾಜನಿಗೆ ಫೋನ್ ಮಾಡಿದರೆ, ತಾನು ಕೊಟ್ಟದ್ದು ಮುಂದಕ್ಕೆ ಹೋಗುವ ಗೇರ್ ಬಾಕ್ಸು, ಹಿಂದಕ್ಕೆ ಹೋಗುವುದರ ಬಗ್ಗೆ ನಾನು ವಿಚಾರಿಸಿಯೇ ಇರಲಿಲ್ಲ ಎಂದ.

ದಿನಗಳು ಹೋದವು. ಶಾಂತಕುಮಾರಿ ಕಂಡಿಕೆ ಸುತ್ತಿ ಬರುವಾಗ ದಿನವೂ ಮಗ್ಗದ ಕೋಣೆಯ ಮುಂದೆ ನಿಂತು, ಕಾರಿನ ಕೆಳಗೆ ಬಗ್ಗಿ ಗುಂಡಿಯನ್ನು ನೋಡಿಕೊಂಡು ಹೋಗುತ್ತಿದ್ದಳು. ಆಸ್ಪತ್ರೆಯಲ್ಲಿ ಬಂಧುಗಳನ್ನು ನೋಡಿ ಹೋಗುತ್ತಾರಲ್ಲ, ಆ ರೀತಿ. ಹಾಸನ್ನು ಬೇರೆಯವರಿಗೆ ಕೊಟ್ಟುಬಿಡು ಎಂದು ಸೀರೆ ಸಾಹುಕಾರರು ಹೇಳಿ ಕಳಿಸಿದ್ದಾರೆಂದು ಹೊರಗಿನಿಂದ ತಿಳಿಯಿತು. ಪಕ್ಕದ ಮನೆಯ ಯತ್ತಪ್ಪ, ವರ್ಷದಲ್ಲಿ ಆರು ಸಲ ನನ್ನ ಕಾರನ್ನು ಎರವಲು ಒಯ್ಯುವ ಸಜ್ಜನ, ಬಂದು ಹೇಳಿದ: "ನಾಕ್ ಜನ ಕೈ ಹಾಕಿದ್ರೆ ಹೊರಗ್ ಬರ್ತೈತೆ ಸೋಮಣ್ಣ, ಅದ್ಯಾಕ್ ಹಠ?" ನಾಲ್ಕು ಜನ ಕೈ ಹಾಕಿ ಹೊರಗೆ ತಂದದ್ದನ್ನು ಈ ಮನೆ ಒಂದು ಸಲ ನೋಡಿದೆ. ಎರಡನೆಯದಕ್ಕೆ ನನ್ನ ಒಪ್ಪಿಗೆ ಇರಲಿಲ್ಲ. ತಾನಾಗಿ ಎದ್ದು ಹೋಗಲಿ ಎಂದೆ.

ಆ ಭಾನುವಾರ ಶಾಂತಕುಮಾರಿ ಬಂದವಳು ಕಾರಿನ ಬಾಗಿಲು ತೆಗೆದು ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಅಕ್ಕನ ಸೀಟದು. ಹಾಸನ್ನು ನಾಳೆ ವಾಪಸ್ ಕೊಡುತ್ತೇನೆಂದಳು. ಗೇರ್ ಕಡ್ಡಿಯ ಕಡೆ ನೋಡಿ, "ಅಷ್ಟು ಒದ್ದಾಡಿ ತಂದ್ರಲ್ಲ, ಆ ಐದ್ನೇದ್ನಾದ್ರೂ ಒಂದ್ಸಲ ಹಾಕ್ರಿ ಬಾವ. ಅಕ್ಕ ಕೇಳಿದ್ರೆ ಹೇಳಾಕಾದ್ರೂ ಆಗ್ತೈತೆ" ಎಂದಳು. ಅದು ಚುಚ್ಚುಮಾತು, ನನಗೆ ಗೊತ್ತು. ನಿಂತ ಕಾರು ಐದರಲ್ಲಿ ಹೊರಡುವುದಿಲ್ಲ, ಗೋಡೆಗೆ ಇನ್ನೊಂದು ಸಲ ತಾಗಿ ಬಂದ್ ಬೀಳುತ್ತದೆ ಅಷ್ಟೇ ಎಂದುಕೊಂಡು, ಕೀಲಿ ತಿರುವಿ, ಕಡ್ಡಿಯನ್ನು ಬಲಕ್ಕೆ ತಂದು ಮೇಲಕ್ಕೆ ತಳ್ಳಿ, ಕ್ಲಚ್ ಬಿಟ್ಟೆ.

ಕಾರು ಹಿಂದಕ್ಕೆ ಹೊರಟಿತು. ಚೌಕಟ್ಟಿಲ್ಲದ ಬಾಗಿಲಿನಿಂದ ಹಿಂಬದಿಯಾಗಿ, ದೇವರ ಮನೆಯಿಂದ ಬೆನ್ನು ತೋರಿಸದೆ ಬರುವ ಭಕ್ತನಂತೆ ಹೊರಬಂದು ಬೀದಿಯಲ್ಲಿ ನಿಂತಿತು. ಶಾಂತಕುಮಾರಿ ಬಾಗಿಲು ಮುಚ್ಚುವುದನ್ನೂ ಮರೆತು ಇಳಿದು ಒಳಗೆ ಓಡಿದಳು. ನಾನು ಬಂದು ನೋಡುವಷ್ಟರಲ್ಲಿ ಗುಂಡಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

ರಾಡಿನ ತುದಿಯನ್ನು ನಾನು ತಲೆಕೆಳಗಾಗಿ ಜೋಡಿಸಿದ್ದೇನೆ ಎಂದು ಆಮೇಲೆ ಹೊಳೆಯಿತು. ಒಂದರ ಜಾಗದಲ್ಲಿ ಎರಡು, ಮೂರರ ಜಾಗದಲ್ಲಿ ನಾಲ್ಕು, ತಮ್ಮ ಜಾಗದಲ್ಲಿ ರಿವರ್ಸು, ರಿವರ್ಸಿನ ಜಾಗದಲ್ಲಿ ತಾವು. ಆದರೆ ಮಾನ್ಯರೇ, ಜೋಡಿಸಿದವನು ತಪ್ಪಿದರೂ ಕುರ್ಚಿ ಯಾರದೆಂದು ಕೂತವರಿಗೆ ಗೊತ್ತಿರಬೇಡವೇ? ಕರೆದಾಗಲೆಲ್ಲ ಬಂದಿರಿ, ಗೋಡೆಗೆ ಗುದ್ದಿದಿರಿ, "ನಾನು ಅವನಲ್ಲ" ಎಂದು ಒಂದು ಮಾತು ಹೇಳಲಿಲ್ಲ. ಇಂಥ ವಿಧೇಯತೆಯನ್ನು ನಾನು ಸರ್ಕಾರಿ ಕಚೇರಿಗಳಲ್ಲಿ ಮಾತ್ರ ಕಂಡಿದ್ದೆ.

ಈಗ ನನ್ನ ಕೋರಿಕೆಗಳು. ದಯವಿಟ್ಟು ತಾವೂ ರಿವರ್ಸ್ ಅವರೂ ಪರಸ್ಪರ ಒಪ್ಪಿ, ಎಣ್ಣೆಯೊಳಗೇ, ಯಾರನ್ನೂ ಬಿಚ್ಚಿಸದೆ, ಜಾಗ ಬದಲಾಯಿಸಿಕೊಳ್ಳಬೇಕು. ಕೈಂಡ್ಲಿ ಡು ದ ನೀಡ್‌ಫುಲ್. ಅದಾಗದಿದ್ದರೆ ಕಡೇಪಕ್ಷ ರಸ್ತೆಗೇ ಹೇಳಿ, ನಾನು ಹೊರಟ ದಿನ ಅದು ಹಿಂದುಮುಂದಾಗಿ ಮಲಗುವಂತೆ ಏರ್ಪಾಟು ಮಾಡಿಸಬೇಕು. ನಾನು ಮತ್ತೆ ಕೆಳಗೆ ಕೂತು ಸರಿಪಡಿಸುವಂತಿಲ್ಲ, ಗುಂಡಿಯ ಮೇಲೆ ಮಗ್ಗ ಎದ್ದಿದೆ, ಹಾಸು ಏರಿದೆ. ಯಾವ ಗ್ಯಾರೇಜಿನವರಾದರೂ ಅರ್ಧ ಗಂಟೆಯಲ್ಲಿ ಸರಿಮಾಡುತ್ತಾರೆ ಎಂದು ಯತ್ತಪ್ಪ ಆಗಾಗ ನೆನಪಿಸುತ್ತಾನೆ. ಮಾಡುತ್ತಾರೆ. ಆದರೆ ಈಗ ಈ ಕಾರನ್ನು ನನ್ನ ಹೊರತು ಯಾರೂ ಓಡಿಸಲಾರರು, ಯತ್ತಪ್ಪನೂ ಸೇರಿ. ಈ ಅನುಕೂಲವನ್ನು ಕಳೆದುಕೊಳ್ಳಲು ನಾನು ಆತುರದಲ್ಲಿಲ್ಲ.

ಹೋದ ವಾರ ಒಬ್ಬನೇ ಚಳ್ಳಕೆರೆಗೆ ಹೊರಟೆ. ತಳಕು ದಾಟಿತು. ನಾಲ್ಕರಲ್ಲಿ ಕಾರು ಎಂದಿನಂತೆ ಗೋಳು ಶುರುಮಾಡಿತು. ಓಡುವ ಕಾರಿನಲ್ಲಿ ಕಡ್ಡಿಯನ್ನು ರಿವರ್ಸಿನ ಗುರುತಿನ ಕಡೆಗೆ ಎಳೆಯಲು ಕೈಗೆ ಎಷ್ಟು ಧೈರ್ಯ ಬೇಕೆಂದು ತಮಗೆ ತಿಳಿಯದು. ನಾನು ಎಲ್ಲದರಲ್ಲೂ ನಿಧಾನದ ಮನುಷ್ಯ. ಆದರೂ ಎಳೆದೆ. ತಾವು ಬಂದಿರಿ. ಅಳು ನಿಂತಿತು. ಪಕ್ಕದ ಸೀಟಿನ ಕಡೆ ತಿರುಗಿ, ಹಾಕಿದೆ ನೋಡು, ಎಂದೆ. ಇದಕ್ಕಾಗಿ ಮಾತ್ರ ತಮಗೆ ನನ್ನ ಕೃತಜ್ಞತೆ. ಮೇಲಿನ ದೂರು ಹಾಗೇ ಇದೆ.

ಪತ್ರದ ಮೂರನೇ ಅಂಗ ಈಗ ನೆನಪಾಯಿತು: ಸಬ್‌ಸ್ಕ್ರಿಪ್ಷನ್. ಅಂದರೆ ಹೀಗೆ ಬರೆಯುವುದು,

ಕರೆದರೆ ಕರೆದ ಕಡೆಗೇ ಹೋಗುವ,
ತಮ್ಮ ವಿಶ್ವಾಸಿ,
ಸೋಮಶೇಖರಪ್ಪ
ಮೊಳಕಾಲ್ಮೂರು

ತಾ.ಕ.: ಮಗ್ಗ ಹೂಡುವಾಗ ಗುಂಡಿಯ ತಳದಲ್ಲಿ, ಹಿಮ್ಮಡಿಯ ತಗ್ಗಿನಲ್ಲಿ, ಹಳದಿ ನೂಲು ಕಟ್ಟಿದ, ಆ ರಾಡಿನ ಒಂದು ಬೋಲ್ಟು ಶಾಂತಕುಮಾರಿಗೆ ಸಿಕ್ಕಿತು. ಪೂಜೆಯ ದಿನ ಅವಳ ಕಣ್ಣಿಗೆ ಬೀಳದೆ ಉಳಿದದ್ದು ಅದೊಂದೇ. ಗಂಟು ಇನ್ನೂ ಮೇಲುಮುಖ ತೋರಿಸುತ್ತಿತ್ತು. ಅದು ತಮಗೆ ಸೇರಿದ್ದೆಂದು ಬಲ್ಲೆವು. ವಾಪಸ್ ಕೇಳಬೇಡಿ, ಮಗ್ಗದ ಒಂದು ಸಡಿಲ ಕಾಲಿಗೆ ಹಾಕಿ ಬಿಗಿದಿದ್ದೇವೆ. ಮಗ್ಗಕ್ಕೆ ಇರುವುದು ಒಂದೇ ಗೇರು. ತನ್ನ ಜಾಗ ಯಾವುದೆಂದು ಅದಕ್ಕೆ ಗೊತ್ತು.